ಪಕ್ಕೆಯಲ್ಲಿ ಉರಿ, ಆಮೇಲೆ ನೀರುಗುಳ್ಳೆ: ಅನುಭವ ಇದ್ದವರು ತಿಳಿಸಿ

ಪ್ರಶ್ನೆ: ಡೊಂಬಿವಲಿಯ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರಿಗೆ ಐವತ್ತೆರಡು ವರ್ಷ, ದಾದರಿನ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುತ್ತಾರೆ. ಮೊನ್ನೆಯಿಂದ ಬಲ ಪಕ್ಕೆಯಲ್ಲಿ ಉರಿ, ಚುಚ್ಚು ನೋವು. ಬನಿಯನ್ ತಾಗಿದರೂ ಸಹಿಸಲಾಗುವುದಿಲ್ಲ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಯಾರದೋ ಮೊಣಕೈ ತಾಗಿರಬೇಕು ಎಂದು ಸುಮ್ಮನಿದ್ದರು. ಇಂದು ಬೆಳಿಗ್ಗೆ ನೋಡಿದರೆ ಕೆಂಪಾದ ಚರ್ಮದ ಮೇಲೆ ಸಾಬಕ್ಕಿಯಂಥ ನೀರುಗುಳ್ಳೆಗಳು ಗುಂಪಾಗಿ ಎದ್ದಿವೆ. ಅತ್ತೆ ಊರಿನಿಂದ ಫೋನ್ ಮಾಡಿ, ಸರ್ಪಸುತ್ತು, ಕೆಮ್ಮಣ್ಣು ಹಚ್ಚಿ, ತಲೆಯೂ ಬಾಲವೂ ಕೂಡಲು ಬಿಡಬೇಡಿ ಎಂದರು. ಪಕ್ಕದ ಮನೆಯ ಮರಾಠಿ ಅಜ್ಜಿ ನಾಗೀಣ ಎಂದು ಗೇರು (ಅವರ ಕಡೆಯ ಕೆಮ್ಮಣ್ಣು) ತಂದುಕೊಟ್ಟರು. ಮೆಡಿಕಲ್ ಅಂಗಡಿಯವನು ಒಂದು ಟ್ಯೂಬ್ ಕೊಟ್ಟ. ಮಗ ಮೊಬೈಲಿನಲ್ಲಿ ಹುಡುಕಿ ‘ಹರ್ಪಿಸ್’ ಎಂದ. ಅದರ ಕೆಳಗೆ ಓದಿದರೆ ಲೈಂಗಿಕ ರೋಗ ಎಂದಿದೆ! ಇವರ ಮುಖ ನೋಡಲೂ ನನಗೆ ಸಂಕೋಚ, ನನ್ನ ಮುಖ ನೋಡಲು ಇವರಿಗೆ ಸಿಟ್ಟು. ಹೆರಿಗೆಗೆಂದು ಬಂದ ನಾದಿನಿಯೂ ಮನೆಯಲ್ಲಿದ್ದಾಳೆ. ದಯವಿಟ್ಟು ಗೊತ್ತಿದ್ದವರು ಹೇಳಿ.

ಠಾಣೆ, ನಿವೃತ್ತ ಬ್ಯಾಂಕ್ ನೌಕರ

ಗೇರು, ಟ್ಯೂಬು ಎರಡನ್ನೂ ಬದಿಗಿಟ್ಟು ಇವತ್ತೇ ಚರ್ಮದ ವೈದ್ಯರಿಗೆ ತೋರಿಸಿ ತಾಯಿ. ಸೋಮವಾರ ನೋಡೋಣ ಎನ್ನಬೇಡಿ.

ನನಗೆ ಬಂದದ್ದು ಎಡಗಡೆ, ಎದೆಯ ಕೆಳಗೆ. ನಡುರಾತ್ರಿ ಒಳಗೆಲ್ಲೋ ಚುಳ್ಳೆಂದು ಹೊಡೆದು ಎಚ್ಚರವಾಗುತ್ತಿತ್ತು. ಎಡ ಎದೆ ಎಂದರೆ ಕೇಳಬೇಕೇ, ಮನೆಮಂದಿಯೆಲ್ಲ ಗಾಬರಿ. ಇಸಿಜಿ ತೆಗೆಸಿದರು, ಸರಿಯಿತ್ತು. ಎದೆನೋವಿಗೆ ಹೃದಯವನ್ನು ಮೊದಲು ನೋಡುವುದೇ ಕ್ರಮ, ಅದರಲ್ಲಿ ತಪ್ಪೇನಿಲ್ಲ. ಗ್ಯಾಸಿನ ಮಾತ್ರೆ ಬರೆದುಕೊಟ್ಟರು. ಬೆನ್ನಿನ ಕಡೆ ಗುಳ್ಳೆ ಎದ್ದಾಗಲೇ ಸಂಗತಿ ಬಯಲಾದದ್ದು. ಇದರ ಹಾದಿಯೇ ಹೀಗೆ. ನೋವು ಮೊದಲು ಬರುತ್ತದೆ, ಒಂದರಿಂದ ಐದು ದಿನ ಬಿಟ್ಟು ಗುಳ್ಳೆ ಏಳುತ್ತದೆ. ಆ ನಡುವಿನ ದಿನಗಳಲ್ಲಿ ಮೂತ್ರಪಿಂಡದ ಕಲ್ಲು, ಸ್ನಾಯು ಸೆಳೆತ, ಪಿತ್ತ ಎಂದು ಎಲ್ಲರೂ ಒಂದೊಂದು ಹೆಸರು ಇಡುತ್ತಾರೆ.

ನಾನು ಗಮನಿಸಿದ ಒಂದು ವಿಚಿತ್ರ: ಫ್ಯಾನಿನ ಗಾಳಿ ಸೋಕಿದರೂ, ಪಂಚೆಯ ಅಂಚು ಸವರಿದರೂ ಪ್ರಾಣ ಹೋಗುವಷ್ಟು ಉರಿ. ಅದೇ ಅಂಗೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದರೆ ಹಾಯೆನಿಸುತ್ತಿತ್ತು. ವೈದ್ಯರಿಗೆ ಇದನ್ನು ಹೇಳಿದಾಗ, ನರದ ನೋವಿನ ಲಕ್ಷಣವೇ ಅದು ಎಂದರು.

ಇನ್ನು ತಲೆ, ಬಾಲದ ವಿಚಾರ. ಬೆನ್ನುಹುರಿಯಿಂದ ಎಡಕ್ಕೊಂದು ಬಲಕ್ಕೊಂದು ನರ ಹೊರಟು, ತನ್ನ ಪಾಲಿನ ಚರ್ಮದ ಪಟ್ಟಿಯನ್ನು ನೋಡಿಕೊಳ್ಳುತ್ತದೆ. ವೈರಸ್ ಎದ್ದದ್ದು ಒಂದು ಕಡೆಯ ನರದಲ್ಲಾದರೆ ಗುಳ್ಳೆಗಳ ಸಾಲು ಬೆನ್ನ ನಡುವಿನಿಂದ ಹೊರಟು ಎದೆಯ ನಡುವಿಗೆ ಬಂದು ನಿಂತುಬಿಡುತ್ತದೆ. ಸುತ್ತು ಪೂರ್ತಿಯಾಗುವ ಪ್ರಮೇಯವೇ ಸಾಮಾನ್ಯವಾಗಿ ಬರುವುದಿಲ್ಲ. ಮಣ್ಣು ಹಚ್ಚಿದವರಿಗೂ ಕೂಡಲಿಲ್ಲ, ಹಚ್ಚದವರಿಗೂ ಕೂಡಲಿಲ್ಲ. ಕೀರ್ತಿ ಮಾತ್ರ ಮಣ್ಣಿಗೆ ಹೋಯಿತು.

ಸಾಯನ್, ನಿವೃತ್ತ ನರ್ಸ್

ಮೇಲಿನ ಸರ್ ಹೇಳಿದ್ದು ಸರಿ. ಮಗನ ಮೊಬೈಲ್ ಮಾತ್ರ ಅರ್ಧ ಸತ್ಯ ಹೇಳಿದೆ. ಹರ್ಪಿಸ್ ವೈರಸ್‌ಗಳದು ದೊಡ್ಡ ಮನೆತನ. ನಿಮ್ಮ ಯಜಮಾನರಿಗೆ ಆಗಿರುವುದು ಸರ್ಪಸುತ್ತೇ ಆದರೆ ಅದು ಚಿಕನ್ ಪಾಕ್ಸ್ ವೈರಸ್. ಚಿಕ್ಕಂದಿನಲ್ಲಿ ‘ಅಮ್ಮ’ ಆಗಿ ಹೋಗಿರುತ್ತದಲ್ಲ, ಆಗ ನರದ ಬುಡದಲ್ಲಿ ಅಡಗಿ ಕುಳಿತದ್ದು ವಯಸ್ಸು, ದಣಿವು, ಸಕ್ಕರೆ ಕಾಯಿಲೆ, ಇಲ್ಲವೇ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಗಳ ಸಮಯ ನೋಡಿ ಮತ್ತೆ ಏಳುತ್ತದೆ. ಯಾರಿಂದಲೂ ಹೊಸದಾಗಿ ಅಂಟಿಸಿಕೊಂಡದ್ದಲ್ಲ. ಲೈಂಗಿಕ ಸಂಬಂಧಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಮುಖ ನೋಡಿ ಮಾತಾಡಿ!

ತುಟಿಯ ಗುಳ್ಳೆ, ಗುಪ್ತಾಂಗದ ಗುಳ್ಳೆ ತರುವುದು ಹರ್ಪಿಸ್ ಸಿಂಪ್ಲೆಕ್ಸ್. ಅದರಲ್ಲಿ ಎರಡು ಬಗೆ. ಒಂದನೆಯದು ಹೆಚ್ಚಾಗಿ ತುಟಿಗೆ, ಎರಡನೆಯದು ಹೆಚ್ಚಾಗಿ ಸೊಂಟದ ಕೆಳಗೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಐವತ್ತರ ಒಳಗಿನ 380 ಕೋಟಿ ಜನರಲ್ಲಿ, ಅಂದರೆ ನೂರಕ್ಕೆ 64 ಮಂದಿಯಲ್ಲಿ, ಒಂದನೆಯ ಬಗೆ ಇದೆ. ಬಹುಪಾಲು ಜನರಿಗೆ ಅದು ಗೊತ್ತೇ ಇರುವುದಿಲ್ಲ.

ಮೂರಕ್ಕೂ ಗುಳ್ಳೆಯ ಮುಖಲಕ್ಷಣ ಒಂದೇ: ಕೆಂಪು ತಳದ ಮೇಲೆ ಒತ್ತೊತ್ತಾಗಿ ನೀರುಗುಳ್ಳೆ, ಅದಕ್ಕೂ ಮೊದಲು ಆ ಜಾಗದಲ್ಲಿ ಉರಿಯೋ ಜುಮುಜುಮು ಎನ್ನುವುದೋ. ವ್ಯತ್ಯಾಸವಿರುವುದು ಜಾಗದಲ್ಲಿ, ಮರುಕಳಿಸುವುದರಲ್ಲಿ. ಪಟ್ಟಿಯಾಗಿ ಒಂದೇ ಪಕ್ಕಕ್ಕೆ ಬಂದು ಹೆಚ್ಚಿನವರಿಗೆ ಬದುಕಿನಲ್ಲಿ ಒಮ್ಮೆ ಮುಗಿದುಹೋದರೆ ಸರ್ಪಸುತ್ತು. ಚಿಕ್ಕ ಗುಂಪಾಗಿ ಅದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತಿದ್ದರೆ ಸಿಂಪ್ಲೆಕ್ಸ್.

ಸರ್ಪಸುತ್ತಿಗೆ ಮಾತ್ರೆ ಶುರುಮಾಡಬೇಕಾದದ್ದು ಗುಳ್ಳೆ ಎದ್ದ 72 ಗಂಟೆಗಳ ಒಳಗೆ. ಎಸಿಕ್ಲೋವಿರ್ ಅಥವಾ ವಾಲಾಸಿಕ್ಲೋವಿರ್ ಬರೆಯುತ್ತಾರೆ. ಎಸಿಕ್ಲೋವಿರ್ ಆದರೆ ದಿನಕ್ಕೆ ಐದು ಸಲ ನುಂಗಬೇಕು. ಗಲ್ಲಾದಲ್ಲಿ ಕೂರುವವರು ಮಧ್ಯಾಹ್ನದ ಗಡಿಬಿಡಿಯಲ್ಲಿ ಮರೆಯುತ್ತಾರೆ, ಮೊಬೈಲಿನಲ್ಲಿ ಅಲಾರಂ ಇಟ್ಟುಕೊಡಿ. ನೀರು ಚೆನ್ನಾಗಿ ಕುಡಿಯಲಿ, ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಲಿ, ಪ್ರಮಾಣ ಬದಲಾಗುತ್ತದೆ. ತಡವಾದರೆ ಗುಳ್ಳೆ ಹೇಗೂ ಎರಡರಿಂದ ನಾಲ್ಕು ವಾರದಲ್ಲಿ ಮಾಯುತ್ತದೆ, ನೋವು ಮಾತ್ರ ತಿಂಗಳುಗಟ್ಟಲೆ ಕೂರಬಹುದು. ವಯಸ್ಸಾದಷ್ಟೂ ಆ ಅಪಾಯ ಹೆಚ್ಚು.

ಅಂಗಡಿಯವನು ಕೊಟ್ಟ ಟ್ಯೂಬಿನ ಹಿಂದೆ ಏನು ಬರೆದಿದೆ ನೋಡಿ. ಕ್ಲೋಬೆಟಸಾಲ್, ಬೆಟಾಮೆಥಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಗಜಕರ್ಣಕ್ಕೂ ಅದೇ, ಸೆಖೆಬೊಕ್ಕೆಗೂ ಅದೇ, ಎಲ್ಲಕ್ಕೂ ಅದೇ ಟ್ಯೂಬು ಚಾಚುವ ಅಂಗಡಿಗಳು ನಮ್ಮ ಮುಂಬಯಿಯಲ್ಲಿ ಗಲ್ಲಿಗೊಂದಿವೆ. ಹಚ್ಚಬೇಡಿ. ಕೆಮ್ಮಣ್ಣು ಒಡೆದ ಗುಳ್ಳೆಯೊಳಗೆ ಹೋದರೆ ಕೀವಾಗುತ್ತದೆ. ಆಮೇಲೆ ಆ ಮಣ್ಣು ತೊಳೆದು ತೆಗೆಯುವಾಗ ರೋಗಿ ಕೂಗುವುದನ್ನು ವಾರ್ಡಿನಲ್ಲಿ ಬೇಕಾದಷ್ಟು ಕೇಳಿದ್ದೇನೆ.

ಖರ್ಚಿನ ಚಿಂತೆ ಇದ್ದರೆ ಕೆಇಎಮ್, ಸಾಯನ್, ನಾಯರ್ ಯಾವುದಾದರೂ ಪಾಲಿಕೆ ಆಸ್ಪತ್ರೆಗೆ ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ ಚರ್ಮರೋಗ ವಿಭಾಗಕ್ಕೆ ಹೋಗಿ. ಸಾಲು ಉದ್ದವಿರುತ್ತದೆ, ಆದರೆ ಇಂಥದ್ದನ್ನು ದಿನವೂ ನೋಡುವ ಕಣ್ಣುಗಳು ಅಲ್ಲಿವೆ. ಸಕ್ಕರೆ ಪರೀಕ್ಷೆ ಮಾಡಿಸಲು ಹೇಳಬಹುದು. ಪಟ್ಟಿ ಬಿಟ್ಟು ಮೈತುಂಬ ಹರಡಿದರೆ, ಅಥವಾ ಚಿಕ್ಕ ವಯಸ್ಸಿನವರಿಗೆ ಜೋರಾಗಿ ಬಂದರೆ ಎಚ್‌ಐವಿ ಪರೀಕ್ಷೆಯನ್ನೂ ಹೇಳಬಹುದು. ಅದಕ್ಕೆ ಬೇಸರಪಟ್ಟುಕೊಳ್ಳಬೇಡಿ.

ಮೀರಾ ರೋಡ್

ಪಕ್ಕೆಗೆ ಬಂದದ್ದು ಪುಣ್ಯ ಎನ್ನಿ. ನಮ್ಮ ತಾಯಿಗೆ ಹಣೆಗೆ ಬಂತು. ಮೊದಲು ತಲೆಯ ಒಂದು ಭಾಗ ಬಾಚಣಿಗೆ ಮುಟ್ಟಿಸಲಾಗದಷ್ಟು ನೋವು, ಅರೆತಲೆನೋವು ಎಂದುಕೊಂಡೆವು. ಆಮೇಲೆ ಹಣೆಯ ಎಡಭಾಗ, ರೆಪ್ಪೆ, ಕೊನೆಗೆ ಮೂಗಿನ ತುದಿಯಲ್ಲಿ ಒಂದೇ ಒಂದು ಗುಳ್ಳೆ. ನಮ್ಮ ಫ್ಯಾಮಿಲಿ ಡಾಕ್ಟರು ಹಣೆಯ ಗುಳ್ಳೆಗಳನ್ನು ಬಿಟ್ಟು ಆ ಒಂದನ್ನೇ ನೋಡಿ, ಈಗಲೇ ಕಣ್ಣಿನ ಆಸ್ಪತ್ರೆಗೆ ಹೋಗಿ ಎಂದರು. ಮೂಗಿನ ತುದಿಗೂ ಕಣ್ಣುಗುಡ್ಡೆಗೂ ಒಂದೇ ನರದ ಕವಲು ಹೋಗುತ್ತದಂತೆ. ಅಲ್ಲಿ ಗುಳ್ಳೆ ಎಂದರೆ ಕಣ್ಣಿಗೂ ಇಳಿದಿರುವ ಸಾಧ್ಯತೆ ಹೆಚ್ಚು. ಕಣ್ಣು ಕೆಂಪಗಾಗಿ ಬೆಳಕು ಸಹಿಸಲಾಗದೆ ನೀರು ಸುರಿಯುತ್ತಿತ್ತು. ಬೇಗ ಹೋದದ್ದರಿಂದ ದೃಷ್ಟಿ ಉಳಿಯಿತು.

ತುಟಿಯ ಹರ್ಪಿಸ್ ಕೂಡ ಕಣ್ಣಿಗೆ ಬರುತ್ತದೆ ಎಂದು ಆಗಲೇ ತಿಳಿದದ್ದು. ಒಂದೇ ಕಣ್ಣು ಕೆಂಪಾಗಿ ನೋವು, ಮಸುಕು ಇದ್ದರೆ ಮನೆಯಲ್ಲಿ ಉಳಿದ ಹಳೆಯ ಕಣ್ಣಿನ ಹನಿ ಹಾಕಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಹುಣ್ಣು ಇನ್ನಷ್ಟು ಅಗಲವಾಗುತ್ತದೆ. ಹಾಗೆಯೇ ಕಿವಿಯ ಸುತ್ತ ಗುಳ್ಳೆ ಎದ್ದು ಬಾಯಿ ಒಂದು ಕಡೆ ವಾಲಿದರೂ ತಡಮಾಡಬಾರದು ಎಂದರು.

ಘಾಟ್‌ಕೋಪರ್

ನಾಗದೋಷ ಇರುವವರಿಗೇ ಇದು ಬರುವುದು. ಮೊದಲು ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸಿ. ಡಾಕ್ಟರರ ಮಾತ್ರೆಗೆ ಸರ್ಪ ಬಗ್ಗುತ್ತದೆಯೇ?

ಠಾಣೆ, ನಿವೃತ್ತ ಬ್ಯಾಂಕ್ ನೌಕರ

ಕುಕ್ಕೆಗೆ ಹೋಗಿ ಬರುವಷ್ಟರಲ್ಲಿ ಆ 72 ಗಂಟೆ ಮುಗಿದಿರುತ್ತದೆ ಸ್ವಾಮೀ. ಮಾತ್ರೆ ಇವತ್ತು, ಸುಬ್ರಹ್ಮಣ್ಯ ಮುಂದಿನ ತಿಂಗಳು. ನಾನು ಎರಡನ್ನೂ ಮಾಡಿದವನು, ಈ ಕ್ರಮದಲ್ಲಿಯೇ.

ಪುಣೆ, ಬೆಳಗಾವಿ ಕಡೆಯವನು

ನಾನು ತಾಲೀಮಿನಲ್ಲಿ ಕುಸ್ತಿ ಆಡುತ್ತಿದ್ದವನು. ನನ್ನದು ತುಟಿಯ ಕಥೆ. ಬಿಸಿಲಿನಲ್ಲಿ ಓಡಾಡಿದ ಮರುದಿನ ಕೆಳತುಟಿಯ ಅಂಚು ಜುಮುಗುಡುತ್ತದೆ, ಬಿಗಿಯುತ್ತದೆ. ರಾತ್ರಿ ಕಳೆಯುವುದರೊಳಗೆ ಗುಳ್ಳೆ. ಒಡೆದು, ಜೇನುಬಣ್ಣದ ಹಕ್ಕಳೆ ಕಟ್ಟಿ, ವಾರ ಹತ್ತು ದಿನದಲ್ಲಿ ಉದುರುತ್ತದೆ. ಊರಿನಲ್ಲಿ ಉಷ್ಣ ಎಂದು ಮಜ್ಜಿಗೆ ಕುಡಿಸುತ್ತಿದ್ದರು. ಕುಡಿದರೂ ಕುಡಿಯದಿದ್ದರೂ ಅಷ್ಟೇ ದಿನ. ಜುಮುಗುಡುವಾಗಲೇ ವೈದ್ಯರು ಹೇಳಿದ ಮಾತ್ರೆ ನುಂಗಿದರೆ ಬೇಗ ಮುಗಿಯುತ್ತದೆ. ಬಾಯೊಳಗೆ ಕೆನ್ನೆಯಲ್ಲಿ, ನಾಲಿಗೆಯ ಬದಿಯಲ್ಲಿ ಬಿಳಿ ತಳದ ಒಂಟಿ ಹುಣ್ಣು ಬರುತ್ತದಲ್ಲ, ಅದು ಬೇರೆ, ಹರ್ಪಿಸ್ ಅಲ್ಲ, ಅಂಟುವುದೂ ಇಲ್ಲ. ಬಾಯಿಯ ಎರಡೂ ಮೂಲೆ ಸೀಳುವುದೂ ಬೇರೆ.

ಕುಸ್ತಿಯಲ್ಲಿ ಮೈಗೆ ಮೈ, ಮುಖಕ್ಕೆ ಮುಖ ಉಜ್ಜುತ್ತದೆ. ಒಬ್ಬ ಜೊತೆಗಾರನಿಗೆ ಕಿವಿಯ ಕೆಳಗೆ, ಕುತ್ತಿಗೆಯಲ್ಲಿ ಗುಳ್ಳೆ ಎದ್ದು ಜ್ವರ ಬಂತು, ಕುತ್ತಿಗೆಯ ಗಂಟು ಊದಿತು. ಮಣ್ಣಿನ ಅಲರ್ಜಿ ಎಂದು ಅವನು ಆಡುತ್ತಲೇ ಇದ್ದ, ಇನ್ನಿಬ್ಬರಿಗೆ ಬಂತು. ವೈದ್ಯರು ನೋಡಿ, ಇದು ಕುಸ್ತಿಪಟುಗಳ ಹರ್ಪಿಸ್, ಜಗತ್ತಿನಾದ್ಯಂತ ಇದೆ, ಹಕ್ಕಳೆ ಒಣಗುವವರೆಗೆ ಅಖಾಡಕ್ಕೆ ಇಳಿಯಬೇಡಿ ಎಂದರು. ವಸ್ತಾದರು ಒಪ್ಪಲು ಸ್ವಲ್ಪ ಹೊತ್ತು ಹಿಡಿಯಿತು.

ಸಾಯನ್, ನಿವೃತ್ತ ನರ್ಸ್

ತಮ್ಮಾ, ಒಂದು ಮಾತು ಸೇರಿಸುತ್ತೇನೆ. ತುಟಿಯಲ್ಲಿ ಗುಳ್ಳೆ ಇದ್ದಾಗ ನಾಮಕರಣಕ್ಕೆ ಹೋಗಿ ಕೂಸಿಗೆ ಮುತ್ತು ಕೊಡಬೇಡಿ. ನಿಮಗೆ ಅದು ತುಟಿಯ ಉರಿ, ಹಸುಗೂಸಿಗೆ ಮಿದುಳಿಗೂ ಏರಬಹುದು. ಒಂದು ತಿಂಗಳೊಳಗಿನ ಮಗು ಹಾಲು ಬಿಟ್ಟು ಮಂಕಾಗಿ, ಜ್ವರವೋ ಗುಳ್ಳೆಯೋ ಕಂಡರೆ ಅಂದೇ ಆಸ್ಪತ್ರೆ. ದೊಡ್ಡವರಲ್ಲಿಯೂ ಅಪರೂಪಕ್ಕೆ ಮಿದುಳಿಗೆ ಹೋಗುತ್ತದೆ: ಜ್ವರ, ತಲೆನೋವಿನ ಜೊತೆ ಮಾತು ತಪ್ಪುವುದು, ಮನೆಯವರ ಗುರುತು ಸಿಗದಿರುವುದು, ಸೆಳವು. ಚರ್ಮದ ಮೇಲೆ ಒಂದು ಗುಳ್ಳೆಯೂ ಇಲ್ಲದೆ ಹೀಗಾಗಬಹುದು.

ಗೋವಾ, ವಾಸ್ಕೋ (ಹೆಸರು ಬೇಡ)

ಯಾರೂ ಬರೆಯದ ಭಾಗವನ್ನು ನಾನು ಬರೆಯುತ್ತೇನೆ. ನನಗಿರುವುದು ಸೊಂಟದ ಕೆಳಗಿನದು. ಮೊದಲ ಸಲ ಜ್ವರ, ಮೈಕೈ ನೋವು, ತೊಡೆಸಂದಿಯಲ್ಲಿ ಗಂಟು, ಮೂತ್ರ ಹೋಗುವಾಗ ಕಣ್ಣಲ್ಲಿ ನೀರು ಬರುವ ಉರಿ. ಮೂತ್ರದ ಸೋಂಕು ಎಂದು ಆ್ಯಂಟಿಬಯೋಟಿಕ್ ಕೊಟ್ಟರು, ಜಗ್ಗಲಿಲ್ಲ. ಗುಳ್ಳೆ ಒಡೆದು ಸಣ್ಣ ಸಣ್ಣ ಹುಣ್ಣುಗಳಾದವು. ಬಾಂಬೋಳಿಯ ವೈದ್ಯಕೀಯ ಕಾಲೇಜಿಗೆ ಹೋದೆ. ಅಲ್ಲಿನ ವೈದ್ಯೆ ಮುಖ ಸಿಂಡರಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಹುಣ್ಣಿನಿಂದ ಹತ್ತಿಯಲ್ಲಿ ದ್ರವ ತೆಗೆದು ಪಿಸಿಆರ್ ಪರೀಕ್ಷೆಗೆ ಕಳಿಸಿದರು. ಹುಣ್ಣು ಹಸಿಯಿರುವಾಗ ಹೋದರೇ ಇದು ಸರಿಯಾಗಿ ಸಿಗುವುದು. ಬರೀ ರಕ್ತಪರೀಕ್ಷೆ ಎಂದೋ ಸೋಂಕು ತಗುಲಿದೆ ಎಂದು ಹೇಳೀತು, ಈ ಹುಣ್ಣು ಅದರದೇ ಎಂದು ಹೇಳಲಾರದು. ಸಿಫಿಲಿಸ್, ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಿದರು.

ಈಗ ಬಂದರೂ ಹಗುರ. ಪೃಷ್ಠದಿಂದ ತೊಡೆಯ ಹಿಂಭಾಗಕ್ಕೆ ಒಂದು ಜುಮ್ಮೆನ್ನುವಿಕೆ, ಮರುದಿನ ನಾಲ್ಕೈದು ಗುಳ್ಳೆ, ಅಷ್ಟೇ. ಕೆಲವರಿಗೆ ಗುಳ್ಳೆಯೇ ಕಾಣದು, ಬರೀ ತುರಿಕೆ, ಒಂದು ಸೀಳು. ಏನೂ ಕಾಣದ ದಿನಗಳಲ್ಲಿಯೂ ಅಂಟಬಹುದು. ಕಾಂಡೋಮ್ ಅಪಾಯ ತಗ್ಗಿಸುತ್ತದೆ, ಪೂರ್ತಿ ತೆಗೆಯುವುದಿಲ್ಲ.

ಮದುವೆಯಾದವರಿಗೆ ಒಂದು ಮಾತು. ಸೋಂಕು ತಗುಲಿ ವರ್ಷಗಳ ಮೇಲೆ ಮೊದಲ ಗುಳ್ಳೆ ಕಾಣುವುದುಂಟು. ತುಟಿಯ ಬಗೆಯ ವೈರಸ್ ಕೂಡ ಬಾಯಿಯ ಮೂಲಕ ಕೆಳಗೆ ಹೋಗುತ್ತದೆ. ಆದ್ದರಿಂದ ಗುಳ್ಳೆ ಕಂಡ ದಿನವೇ ನಿನ್ನೆ ಎಲ್ಲಿಗೆ ಹೋಗಿದ್ದೆ ಎಂದು ಪಂಚಾಯಿತಿ ಕೂರಿಸಬೇಡಿ. ನನ್ನ ಮನೆಯಲ್ಲಿ ಕೂತಿತ್ತು. ತೀರ್ಪು ಹೇಳಿದ್ದು ಆ ವೈದ್ಯೆಯೇ.

ಅಂಧೇರಿ

ಗುಳ್ಳೆಯೆಲ್ಲ ಹರ್ಪಿಸ್ ಅಲ್ಲ ಎನ್ನುವುದೂ ಇರಲಿ. ಮಳೆಗಾಲದಲ್ಲಿ ಟ್ಯೂಬ್‌ಲೈಟಿಗೆ ಬರುವ ಕಪ್ಪು, ಕಿತ್ತಳೆ ಪಟ್ಟೆಯ ಸಣ್ಣ ಹುಳ ಕುತ್ತಿಗೆಯ ಮೇಲೆ ಕುಳಿತಾಗ ಹೊಸಕಿಬಿಟ್ಟರೆ ಬೆಳಿಗ್ಗೆ ಗೆರೆ ಎಳೆದಂತೆ ಸುಟ್ಟ ಗುಳ್ಳೆ. ನಮ್ಮ ಚಾಳಿನಲ್ಲಿ ಜೇಡ ಹರಿದಿದೆ ಎನ್ನುತ್ತಾರೆ, ಕೆಲವರು ಸರ್ಪಸುತ್ತು ಎಂದು ಹೆದರುತ್ತಾರೆ. ಹುಳದ್ದಾದರೆ ಮೊದಲೇ ದಿನಗಟ್ಟಲೆ ನೋವು ಇರುವುದಿಲ್ಲ. ಮೊಣಕೈ ಮಡಿಚುವ ಜಾಗದಲ್ಲಿ ಎದುರುಬದುರು ಎರಡು ಕಡೆ ಅಚ್ಚೊತ್ತಿದ್ದರೆ ಹುಳವೇ.

ಡೊಂಬಿವಲಿಯ ಗೃಹಿಣಿ

ಹೋಗಿ ಬಂದೆವು. ಸರ್ಪಸುತ್ತೇ. ವೈದ್ಯರು ಅಂಗಿ ಎತ್ತಿ ನೋಡಿದೊಡನೆ ಹೇಳಿದರು, ಪರೀಕ್ಷೆ ಬೇಕಿಲ್ಲ ಎಂದರು, ಸಕ್ಕರೆ ಮಾತ್ರ ನೋಡಿಸಿ ಎಂದರು. ಮಾತ್ರೆ ಶುರುವಾಗಿದೆ. ಟ್ಯೂಬು ಸ್ಟೀರಾಯ್ಡೇ ಆಗಿತ್ತು, ಎಸೆದೆ. ನಾದಿನಿಯ ವಿಷಯ ಕೇಳಲು ಮರೆತೆ. ಅವಳನ್ನು ಬೇರೆ ಮನೆಗೆ ಕಳಿಸಬೇಕೇ?

ಸಾಯನ್, ನಿವೃತ್ತ ನರ್ಸ್

ಗಾಬರಿಯಾಗಿ ಗಂಟುಮೂಟೆ ಕಟ್ಟಿಸಬೇಡಿ. ಅವಳಿಗೆ ಚಿಕ್ಕಂದಿನಲ್ಲಿ ಅಮ್ಮ ಆಗಿತ್ತೇ, ಚಿಕನ್ ಪಾಕ್ಸ್ ಲಸಿಕೆ ಹಾಕಿಸಿದ್ದರೇ ಎಂದು ಅವಳ ತಾಯಿಯನ್ನು ಕೇಳಿ. ಆಗಿದ್ದರೆ ಚಿಂತೆಯಿಲ್ಲ. ಆಗಿಲ್ಲ, ಗೊತ್ತಿಲ್ಲ ಎಂದರೆ ಅವಳ ಹೆರಿಗೆ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ರಕ್ತ ಪರೀಕ್ಷೆ ಮಾಡಿಸುತ್ತಾರೆ, ಬೇಕಿದ್ದರೆ ಮುಂದಿನದನ್ನು ಹೇಳುತ್ತಾರೆ. ಸರ್ಪಸುತ್ತಿನ ಗುಳ್ಳೆಯ ನೀರಿನಿಂದ ಅಂಥವರಿಗೆ ಚಿಕನ್ ಪಾಕ್ಸ್ ಬರಬಹುದು, ಸರ್ಪಸುತ್ತು ಬರುವುದಿಲ್ಲ. ಹಕ್ಕಳೆ ಕಟ್ಟುವವರೆಗೆ ಯಜಮಾನರು ಗುಳ್ಳೆಯ ಮೇಲೆ ಬಟ್ಟೆ ಕಟ್ಟಿಕೊಳ್ಳಲಿ, ಟವೆಲ್, ಹಾಸಿಗೆ ಬೇರೆ ಇರಲಿ, ಕೈ ತೊಳೆಯುತ್ತಿರಲಿ. ಹೋಟೆಲಿಗೆ ರಜೆ ಹಾಕಲಿ, ಮಾಲೀಕರು ಗೊಣಗಿದರೂ.

ನಿಮಗೂ ಐವತ್ತು ದಾಟಿದ್ದರೆ ಸರ್ಪಸುತ್ತಿಗೆ ಲಸಿಕೆಯಿದೆ, 2023ರಿಂದ ನಮ್ಮ ದೇಶದಲ್ಲಿಯೂ ಸಿಗುತ್ತಿದೆ. ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಡೋಸ್. ಬೆಲೆ ಜೋರು, ಮಗನಿಗೆ ಹೇಳಿ. ಯಜಮಾನರಿಗೆ ಈಗಲೇ ಬೇಡ, ಪೂರ್ತಿ ಗುಣವಾದ ಮೇಲೆ ವೈದ್ಯರನ್ನು ಕೇಳಿ ಹಾಕಿಸಬಹುದು.