ಪದ ಬೇಕು: ‘ಶಾಕೆಬಲ್ ರಿದಮ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಪ್ರಥಮ ಚಿಕಿತ್ಸೆ ಕಲಿಯುವವರಿಗೆ ಒಂದು ಕೈಪಿಡಿ ಅನುವಾದ ಮಾಡುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ‘ಶಾಕೆಬಲ್ ರಿದಮ್’, ‘ನಾನ್ ಶಾಕೆಬಲ್ ರಿದಮ್’ ಜೋಡಿ ನನ್ನನ್ನು ಎರಡು ದಿನದಿಂದ ಕಾಡುತ್ತಿದೆ.

ಸಂದರ್ಭ ಹೀಗಿದೆ. ಹೃದಯ ರಕ್ತ ತಳ್ಳುವುದು ನಿಂತು ಮನುಷ್ಯ ಕುಸಿದಾಗ, ಹೃದಯದ ವಿದ್ಯುತ್ತನ್ನು ಗೆರೆಯಾಗಿ ತೋರಿಸುವ ಇಸಿಜಿಯಲ್ಲಿ ನಾಲ್ಕರಲ್ಲಿ ಒಂದು ಬಗೆ ಕಾಣುತ್ತದೆ. ಕೆಳಗಿನ ಕೋಣೆಗಳು ಅಡ್ಡಾದಿಡ್ಡಿ ಅದುರುವುದು ವಿಎಫ್. ನಾಡಿಯೇ ಸಿಗದ ಹಾಗೆ ಅವು ವಿಪರೀತ ವೇಗದಲ್ಲಿ ಓಡುವುದು ವಿಟಿ. ಈ ಎರಡಕ್ಕೆ ವಿದ್ಯುತ್ತಿನ ಶಾಕ್ ಕೊಡುತ್ತಾರೆ. ಗೆರೆ ಪೂರ್ತಿ ಮಟ್ಟಸವಾಗಿದ್ದರೆ, ಇಲ್ಲವೇ ಗೆರೆ ಅಚ್ಚುಕಟ್ಟಾಗಿದ್ದೂ ನಾಡಿ ಇಲ್ಲದಿದ್ದರೆ ಶಾಕ್ ಇಲ್ಲ. ಅಲ್ಲಿ ಎದೆ ಒತ್ತಬೇಕು, ಬೇಗ ಅಡ್ರಿನಲಿನ್ ಕೊಡಬೇಕು, ಮೂಲ ಕಾರಣ ಹುಡುಕಬೇಕು. ಮೊದಲ ಎರಡು ಬಗೆಯವರು ಬದುಕುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಜಾಸ್ತಿ.

ಹಾಗಾಗಿ ಎರಡೂ ಪದಗಳು ಓದಿದ ಕೂಡಲೇ ಬೇರೆ ಬೇರೆಯಾಗಿ ಕಾಣಬೇಕು. ‘ಆಘಾತಯೋಗ್ಯ ಲಯ’, ‘ಶಾಕ್ ಕೊಡಬಹುದಾದ ಲಯ’ ಎಂದೆಲ್ಲ ಬರೆದು ನೋಡಿದೆ. ಯಾವುದೂ ಒಗ್ಗುತ್ತಿಲ್ಲ.

* * *

‘ಆಘಾತ’ ಬೇಡವೇ ಬೇಡ. ಓದುವವರು ಹೃದಯಾಘಾತ ಅಂದುಕೊಳ್ಳುತ್ತಾರೆ. ಅದು ಹೃದಯದ ರಕ್ತನಾಳ ಕಟ್ಟಿಕೊಳ್ಳುವ ತೊಂದರೆ. ‘ಲಯ’ವನ್ನೂ ಬಿಡಿ. ಸೃಷ್ಟಿ, ಸ್ಥಿತಿ, ಲಯ ಎಂದು ಕೇಳಿ ಬೆಳೆದವರಿಗೆ ‘ಹೃದಯದ ಲಯ’ ಅಂದರೆ ಹೃದಯ ಮುಗಿದುಹೋಯಿತು ಅಂತಲೇ ಅರ್ಥ. ಅದರ ಧಾತುವಿಗೇ ಕರಗು ಎಂಬ ಅರ್ಥವಿದೆ. ‘ಮಿಡಿತ’ ಅನ್ನಿ, ಸಾಕು.

* * *

ಮಿಡಿತ ಆಗುವುದಿಲ್ಲ. ನಾನು ತುರ್ತು ಚಿಕಿತ್ಸೆಯಲ್ಲಿ ಕೆಲಸ ಮಾಡುವವಳು. ನಾಲ್ಕನೆಯ ಬಗೆಯಲ್ಲಿ ಪರದೆಯ ಮೇಲೆ ಗೆರೆ ಚೆನ್ನಾಗಿಯೇ ಓಡುತ್ತಿರುತ್ತದೆ. ಕುತ್ತಿಗೆ ಮುಟ್ಟಿದರೆ ನಾಡಿ ಸಿಗುವುದಿಲ್ಲ. ಅಂದರೆ ಲಯ ಇದೆ, ಮಿಡಿತ ಇಲ್ಲ. ಎರಡಕ್ಕೂ ಒಂದೇ ಪದ ಇಟ್ಟರೆ ಈ ಬಗೆಯನ್ನು ಹೇಳುವುದಾದರೂ ಹೇಗೆ? ತಾಳ ಲಯ ಅಂದಾಗ ಯಾರಿಗೂ ಪ್ರಳಯ ನೆನಪಾಗುವುದಿಲ್ಲ.

‘ಕೊಡಬಹುದಾದ’ ಇನ್ನೂ ಅಪಾಯ. ‘ಬಹುದು’ ಅಂದರೆ ಬಿಡಲೂಬಹುದು, ಅಲ್ವಾ? ವಿಎಫ್ ಆದಾಗ ಎದೆ ಒತ್ತದೆ, ಶಾಕ್ ಕೊಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಅದುರಾಟ ಸೋತು ಸೋತು ಕೊನೆಗೆ ಮಟ್ಟಸ ಗೆರೆಯಾಗುತ್ತದೆ. ಅಲ್ಲಿಗೆ ಶಾಕ್ ಕೊಡುವ ಹೊತ್ತು ಮೀರಿತು. ಇಂಥ ಕಡೆ ‘ಬಹುದು’ ಎಂದು ಓದಿದವರ ಕೈ ಹಿಂಜರಿಯುತ್ತದೆ.

* * *

ಮದ್ದು ನಾಟಿತು, ಮದ್ದು ನಾಟಲಿಲ್ಲ ಅನ್ನುತ್ತೇವಲ್ಲ? ‘ಶಾಕ್ ನಾಟುವ ಲಯ’, ‘ಶಾಕ್ ನಾಟದ ಲಯ’ ಅನ್ನಿ. ವಿಷಯಕ್ಕೂ ಇದು ಸರಿಯಾಗಿ ಕೂರುತ್ತದೆ. ಶಾಕ್ ಕೊಟ್ಟರೆ ಹೃದಯ ಚಾಲೂ ಆಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ನಿಜದಲ್ಲಿ ಶಾಕ್ ಆ ಅಡ್ಡಾದಿಡ್ಡಿ ವಿದ್ಯುತ್ತನ್ನು ಒಮ್ಮೆಗೇ ನಿಲ್ಲಿಸುತ್ತದೆ. ಆಮೇಲೆ ಹೃದಯ ತನ್ನದೇ ಲಯ ಹಿಡಿಯಬೇಕು. ಮಟ್ಟಸ ಗೆರೆಯಲ್ಲಿ ನಿಲ್ಲಿಸಲಿಕ್ಕೆ ಏನೂ ಇರುವುದಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಹಳೆಯ ತಕರಾರನ್ನೂ ಎತ್ತಲೇಬೇಕು. ‘ಹೃದಯ ಸ್ತಂಭನ’ ಎಂಬ ಪದವೇ ತಪ್ಪು. ಸ್ತಂಭ ಅಂದರೆ ಕಂಬ. ವಿಎಫ್‌ನಲ್ಲಿ ಹೃದಯ ಕಂಬದ ಹಾಗೆ ನಿಂತಿರುವುದಿಲ್ಲ, ಅದುರುತ್ತಿರುತ್ತದೆ. ಮಟ್ಟಸ ಗೆರೆಗೆ ಮಾತ್ರ ಆ ಹೆಸರು ಸಲ್ಲುತ್ತದೆ.

* * *

‘ಗುಂಡಿಗೆ ನಿಲುಗಡೆ’ ಅನ್ನಿ. ‘ಶಾಕ್’ ಬದಲು ‘ಮಿಂಚೇಟು’. ಸಂಸ್ಕೃತಕ್ಕೆ ಬೇಲಿ ಕಟ್ಟಿ ಇಂಗ್ಲಿಷಿಗೆ ಬಾಗಿಲು ತೆರೆಯುವುದು ಯಾವ ನ್ಯಾಯ?

* * *

ಮಿಂಚೇಟು ಅಂದರೆ ಸಿಡಿಲು ಬಡಿಯಿತು ಅಂತಾಗುತ್ತದೆ. ಕರೆಂಟ್ ಶಾಕ್ ಹೊಡೆಯಿತು ಎಂದು ಮಕ್ಕಳೂ ಹೇಳುತ್ತಾರೆ, ಅದು ಕನ್ನಡವೇ. ಈ ಚಿಕಿತ್ಸೆಯೇ ಹೊಸದು. ಕ್ಲಾಡ್ ಬೆಕ್ ಎಂಬ ಸರ್ಜನ್ ತೆರೆದ ಎದೆಯೊಳಗೆ ಹೃದಯಕ್ಕೇ ಶಾಕ್ ಕೊಟ್ಟು ಒಬ್ಬ ಹುಡುಗನನ್ನು ಉಳಿಸಿದ್ದು 1947ರಲ್ಲಿ. ಅದಕ್ಕಿಂತ ಹಳೆಯ ಪದ ನಮಗೆ ಎಲ್ಲಿಂದ ಸಿಗಬೇಕು? ವಸ್ತು ಬಂದಾಗ ಹೆಸರೂ ಬಂದಿದೆ, ಇರಲಿ ಬಿಡಿ. ‘ಸ್ತಂಭನ’ವನ್ನೂ ಇವತ್ತು ಮುಟ್ಟಬೇಡಿ. ಅದು ರಕ್ತ ಹರಿಯುವುದು ನಿಂತದ್ದನ್ನು ಹೇಳುತ್ತದೆ, ಜನಕ್ಕೂ ಗೊತ್ತು.

‘ನಾಟುವ’ ತುಂಬಾ ಚೆಂದದ ಮಾತು. ಆದರೆ ಎಲ್ಲ ಶಾಕೂ ನಾಟುವುದಿಲ್ಲ. ಮೂರು ಶಾಕ್ ಕೊಟ್ಟರೂ ಅದುರಾಟ ನಿಲ್ಲದೆ ಅಮಿಯೊಡರೋನ್ ಎಂಬ ಮದ್ದು ಕೊಡಬೇಕಾಗಿ ಬರುವುದುಂಟು. ಸುಮ್ನೆ ‘ಶಾಕ್ ಕೊಡುವ ಲಯ’ ಅನ್ನೋಣವೇ?

* * *

ಅದರಲ್ಲಿ ಲಯವೇ ಶಾಕ್ ಕೊಟ್ಟ ಹಾಗಾಗುತ್ತದೆ! ಇಷ್ಟು ಚರ್ಚೆ ಓದಿದ ಮೇಲೆ ಮೊದಲನೆಯದಕ್ಕೆ ‘ಶಾಕ್ ಬೇಕಾದ ಲಯ’ ಎಂದು ಬರೆದಿದ್ದೇನೆ. ‘ಬಹುದು’ ಹೋಯಿತು, ‘ಬೇಕು’ ಬಂತು. ಎರಡನೆಯದಕ್ಕೆ ‘ಶಾಕ್ ಬೇಡದ ಲಯ’ ಎಂದು ಹಾಕಿ, ಆಮೇಲೆ ಅಳಿಸಿದೆ. ಬೇಡ ಅಂದರೆ ಅಪಾಯ ಕಳೆಯಿತು ಎಂದು ಯಾರಾದರೂ ಕೈ ತೆಗೆದರೆ? ಅಲ್ಲಿ ‘ಶಾಕ್ ನಾಟದ ಲಯ’ ಅಂತಲೇ ಇರಲಿ. ಎರಡೂ ಪದ ಒಂದೇ ಅಚ್ಚಿನಲ್ಲಿರಬೇಕು ಎಂಬ ಹಟ ನನಗಿತ್ತು, ಬಿಟ್ಟೆ. ಅದರ ಕೆಳಗೆ ದಪ್ಪಕ್ಷರದಲ್ಲಿ ಒಂದು ಸಾಲು ಸೇರಿಸಿದ್ದೇನೆ: ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತುತ್ತಲೇ ಇರಿ.