ಬಿಸಿಲಲ್ಲಿ ದುಡಿದು ಬಂದು ಕುಡಿದ ಬಿಯರ್ ನೀರಿನ ಲೆಕ್ಕಕ್ಕೆ ಬರುತ್ತಾ?

ಬ್ಯಾಡಗಿ ಗುಮಾಸ್ತ
ನಾನು ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ದಲಾಲಿ ಅಂಗಡಿಯೊಂದರ ಲೆಕ್ಕ ಬರೆಯುವವನು. ಮಾರ್ಚ್ ಬಂತೆಂದರೆ ಹಮಾಲರ ಅಂಗಿ ಮಧ್ಯಾಹ್ನದೊಳಗೆ ಬೆವತು, ಒಣಗಿ, ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆ ಮೂಡಿರುತ್ತದೆ. ಘಾಟಿಗೆ ಮೂಗಿಗೆ ಟವೆಲ್ ಕಟ್ಟಿರುತ್ತಾರೆ. ಅದನ್ನು ಬಿಚ್ಚಿ ನೀರು ಕುಡಿಯೋಕೂ ಬೇಸರ. ಸಂಜೆ ಕೂಲಿ ಕೈಗೆ ಬಂದ ಮೇಲೆ ಸೀದಾ ಬಿಯರ್.

ಅವರಲ್ಲಿ ನಮ್ಮ ಸೋದರಮಾವನ ಮಗನೂ ಒಬ್ಬ. "ಅಣ್ಣಾ, ಬಿಯರ್ ಅಂದ್ರೆ ತಂಪು, ಬಹುಪಾಲು ನೀರೇ ಅಲ್ವಾ? ನೋಡು, ಒಂದಕ್ಕೂ ತಿಳಿಯಾಗಿ ಹೋಗ್ತದ, ಮೈಯಾಗ ನೀರು ಸಾಕಷ್ಟೈತಿ" ಅಂತಾನೆ. ಕುಡಿತ ಕೆಟ್ಟದ್ದು ಅಂತ ಅವನ ಹೆಂಡತಿ ದಿನಾ ಹೇಳ್ತಾಳೆ, ಅದು ಬೇಡ. ನೀರಿನ ಲೆಕ್ಕ ಹೇಳಿ.

ಮುಳಗುಂದ ನಾಕಾ
ಗದಗದಲ್ಲಿ ಔಷಧಿ ಅಂಗಡಿ ನನ್ನದು. ಲೆಕ್ಕ ಕೇಳಿದಿರಿ, ತಗೊಳ್ಳಿ.

ಮೈಯಲ್ಲಿ ನೀರು ಉಳಿಸಿಕೋ ಅಂತ ಮೂತ್ರಪಿಂಡಕ್ಕೆ ಹೇಳೋದು ವ್ಯಾಸೊಪ್ರೆಸಿನ್ ಅನ್ನುವ ಹಾರ್ಮೋನು. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುತ್ತದೆ. ಆಲ್ಕೋಹಾಲ್ ಒಳಗೆ ಹೋದ ಕೂಡಲೇ ಇದು ಕಡಿಮೆಯಾಗುತ್ತದೆ, ಮೂತ್ರಪಿಂಡ ನೀರನ್ನು ಹಾಗೇ ಬಿಟ್ಟುಬಿಡುತ್ತದೆ. ನಿಮ್ಮ ತಮ್ಮನ "ತಿಳಿ"ಯ ಗುಟ್ಟು ಇದೇ. ಬೇರೆ ದಿನ ತಿಳಿ ಮೂತ್ರ ಒಳ್ಳೆಯ ಗುರುತು. ಕುಡಿದ ರಾತ್ರಿ ಅದನ್ನು ನಂಬಬೇಡಿ.

ಒಂದು ಗ್ರಾಂ ಆಲ್ಕೋಹಾಲ್‌ಗೆ ಸುಮಾರು 10 ಮಿಲಿ ಮೂತ್ರ ಜಾಸ್ತಿ ಅನ್ನೋದು ಹಳೆಯ ಅಂದಾಜು. ಶೇ. 5ರ ಬಿಯರ್ 650 ಮಿಲಿ ಬಾಟಲಿಯಲ್ಲಿ 25 ಗ್ರಾಂ ಚಿಲ್ಲರೆ, ಅಂದರೆ 250 ಮಿಲಿ ಹೆಚ್ಚುವರಿ ಖರ್ಚು. ಶೇ. 8ರ ಸ್ಟ್ರಾಂಗ್ ಆದರೆ 400 ಮಿಲಿ. ಬಾಟಲಿಯ ನೀರಲ್ಲಿ ಸ್ವಲ್ಪ ಉಳಿಯುತ್ತದೆ, ನಿಜ. ಮೈ ಮೊದಲೇ ಒಣಗಿದ್ದರೆ ಈ ಖರ್ಚೂ ಕಡಿಮೆಯೇ. ಆದರೆ ಇಡೀ ದಿನ ಬೆವರಲ್ಲಿ ಹೋದ ಸಾಲ ತೀರೋದಿಲ್ಲ, ಉಪ್ಪಂತೂ ವಾಪಸ್ ಬರೋದೇ ಇಲ್ಲ. ವಿಸ್ಕಿಯದು ಪೂರ್ತಿ ನಷ್ಟ: 60 ಮಿಲಿ ಪೆಗ್‌ಗೆ 20 ಗ್ರಾಂ, ಹೊರಹೋಗೋದು 200 ಮಿಲಿ.

ಬಿಪಿಗೆ ನೀರಿನ ಮಾತ್ರೆ (ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ) ತಗೊಳ್ಳುವವರು ಇನ್ನೂ ಹುಷಾರಾಗಿರಬೇಕು.

ಕುಂದಗೋಳದವ
ಹಾಗಾದರೆ ಪೆಗ್ ಜೊತೆ ದೊಡ್ಡ ಲೋಟ ನೀರು ಕುಡಿದರೆ ಲೆಕ್ಕ ಚುಕ್ತಾ. ಬೆಳಗ್ಗೆ ತಲೆನೋವೂ ಇಲ್ಲ, ಅಲ್ವಾ? 😄

ಮುಳಗುಂದ ನಾಕಾ
ಬಾಯಾರಿಕೆ ಇರಲ್ಲ. ತಲೆನೋವು ಇದ್ದೇ ಇರುತ್ತೆ. ಅದಕ್ಕೆ ಕೆಟ್ಟ ನಿದ್ದೆ, ಕೆರಳಿದ ಹೊಟ್ಟೆ, ಆಲ್ಕೋಹಾಲ್ ಒಡೆದಾಗ ಹುಟ್ಟುವ ಅಸಿಟಾಲ್ಡಿಹೈಡ್ ಎಲ್ಲಾ ಸೇರಿವೆ. ಅಂಥ ಬೆಳಗ್ಗೆ ಪ್ಯಾರಾಸಿಟಮಾಲ್ ಕೇಳಿಕೊಂಡು ಬರುವವರು ನನ್ನ ಅಂಗಡಿಗೆ ಬೇಕಾದಷ್ಟು. ದಿನಾ ಜಾಸ್ತಿ ಕುಡಿಯುವವರ ಲಿವರ್‌ಗೆ ಅದು ಅಪಾಯ, ನಾನು ಸುಮ್ನೆ ಕೊಡೋದಿಲ್ಲ.

ಧಾರವಾಡ ಸಿಸ್ಟರ್
ಬೇಸಿಗೆ ಡ್ಯೂಟಿಯಲ್ಲಿ ನನಗೆ ಜಾಸ್ತಿ ಭಯ ಇನ್ನೊಂದು. ಬಿಸಿಲು ಬಡಿದವರೂ ತೊದಲುತ್ತಾರೆ, ತೂರಾಡುತ್ತಾರೆ. ಬಾಯಿ ವಾಸನೆ ಬಂದರೆ ಸಾಕು, ಜೊತೆಯವರು "ಏರೈತಿ, ಮಲಗಲಿ ಬಿಡ್ರಿ" ಅಂತಾರೆ. ಮೈ ಮುಟ್ಟಿ ನೋಡಿ. ಸುಡುತ್ತಿದ್ದರೆ, ಮಾತು ಅಡ್ಡಾದಿಡ್ಡಿ ಆದರೆ, 108ಕ್ಕೆ ಫೋನ್ ಮಾಡಿ. ಬರುವವರೆಗೆ ನೆರಳಿಗೆ ಎಳೆದು ಮೈಮೇಲೆ ನೀರು ಸುರಿದು ಗಾಳಿ ಹಾಕಿ. ಪೂರ್ತಿ ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಬ್ಯಾಡಗಿ ಗುಮಾಸ್ತ
ಲೆಕ್ಕ ಓದಿ ಹೇಳಿದೆ. ಬಿಯರ್ ಬಿಡಲ್ಲವಂತೆ. ಮಧ್ಯಾಹ್ನ ಉಪ್ಪು ಹಾಕಿದ ಮಜ್ಜಿಗೆ ಮಾಲೀಕರೇ ಕೊಟ್ಟರೆ ಕುಡೀತಾನಂತೆ. ಕೇಳಿ ನೋಡ್ತೀನಿ. ಓಆರ್‌ಎಸ್ ಪುಡಿ ಅರ್ಧ ಅರ್ಧ ಮಾಡಿ ಲೋಟಕ್ಕೆ ಹಾಕಬಹುದಾ?

ಮುಳಗುಂದ ನಾಕಾ
ಬೇಡ. ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ, ಲೋಟಕ್ಕಂತ ಬರುವ ಚಿಕ್ಕದು 200 ಮಿಲಿಗೆ. ಅಳತೆ ಪ್ಯಾಕೆಟ್ ಮೇಲೆ ಬರೆದಿರುತ್ತೆ. ಕಲಸಿದ್ದನ್ನು 24 ಗಂಟೆ ಆದ ಮೇಲೆ ಚೆಲ್ಲಿಬಿಡಿ.