ಪದಚರ್ಚೆ: ‘ಗ್ರೋತ್ ಮೈಂಡ್‌ಸೆಟ್’ಗೆ ಮೇಷ್ಟ್ರ ಬಾಯಲ್ಲಿ ನಿಲ್ಲುವ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ.

ಪ್ರಾಥಮಿಕ ಶಾಲೆಯ ಶಿಕ್ಷಕರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ‘ಗ್ರೋತ್ ಮೈಂಡ್‌ಸೆಟ್’, ಅಂದರೆ ಕಲಿಯುತ್ತಾ ಹೋದರೆ ಬುದ್ಧಿ ಬೆಳೆಯುತ್ತದೆ ಅನ್ನುವ ತಿಳಿವಳಿಕೆ, ಇದನ್ನು ಕನ್ನಡದಲ್ಲಿ ಹೇಗೆ ಹೇಳುವುದು? ‘ಬೆಳವಣಿಗೆಯ ಮನಸ್ಥಿತಿ’, ‘ಬೆಳವಣಿಗೆಯ ಮನೋಭಾವ’ ಎರಡೂ ಆಗಲೇ ಓಡಾಡುತ್ತಿವೆ. ಎರಡೂ ನನಗೆ ಒಪ್ಪಿಗೆಯಾಗುತ್ತಿಲ್ಲ.

ಈ ಮಾತನ್ನು ಬಳಕೆಗೆ ತಂದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಡ್ವೆಕ್. 2006ರಲ್ಲಿ ಬಂದ ಅವರ ಪುಸ್ತಕದಿಂದ ಅದು ಎಲ್ಲೆಡೆ ಹಬ್ಬಿತು. ಅದಕ್ಕೂ ಮೊದಲಿನ ಸಂಶೋಧನಾ ಬರಹಗಳಲ್ಲಿ ಅವರು ‘ಥಿಯರಿ’ ಎಂಬ ಪದ ಬಳಸುತ್ತಿದ್ದರು. ತನ್ನ ಬುದ್ಧಿಯ ಬಗ್ಗೆ ಪ್ರತಿಯೊಬ್ಬರೂ ಒಳಗೊಳಗೇ ಇಟ್ಟುಕೊಂಡಿರುವ ಎಣಿಕೆ ಅಂತ ಅದರ ಅರ್ಥ. ಬುದ್ಧಿ ಹುಟ್ಟುವಾಗಲೇ ಅಳೆದು ಕೊಟ್ಟದ್ದು ಅಂತ ಕೆಲವರು ತಿಳಿದಿರುತ್ತಾರೆ. ಕಲಿಯುತ್ತಾ ಹೋದರೆ ಹೆಚ್ಚುತ್ತದೆ ಅಂತ ಇನ್ನು ಕೆಲವರು. ಹಾಗಾಗಿ ಇದು ಒಂದು ನಂಬಿಕೆ. ‘ಮನಸ್ಥಿತಿ’ ಅಂದರೆ ಇವತ್ತು ಒಂಥರಾ, ನಾಳೆ ಇನ್ನೊಂಥರಾ. ‘ಅವರ ಮನಸ್ಥಿತಿ ಸರಿಯಿಲ್ಲ, ಈಗ ಮಾತಾಡಿಸಬೇಡಿ’ ಅನ್ನುತ್ತೇವಲ್ಲ, ಆ ಪದ ಅದು. ‘ಬೆಳವಣಿಗೆಯ ಮನೋಭಾವ’ ಅಂದರೆ ಮುಂದೆ ಬರಬೇಕೆಂಬ ಹಂಬಲ ಅಂತ ಕೇಳಿಸುತ್ತದೆ. ಹಂಬಲ ಬೆಟ್ಟದಷ್ಟಿದ್ದೂ ‘ಲೆಕ್ಕ ನನ್ನ ತಲೆಗೆ ಹತ್ತಲ್ಲ’ ಅಂತ ನಂಬಿಕೊಂಡ ಮಕ್ಕಳಿದ್ದಾರೆ.

ತರಗತಿಯಲ್ಲಿ ಈ ನಂಬಿಕೆ ಹೊರಬರುವುದು ಒಂದೇ ಒಂದು ಕ್ರಿಯಾಪದದಲ್ಲಿ. 52ರಲ್ಲಿ 27 ಕಳೆ ಅಂದರೆ ಮಗು 35 ಅಂತ ಬರೆಯುತ್ತದೆ. ಬಿಡಿಯ ಸ್ಥಾನದಲ್ಲಿ 2ರಿಂದ 7 ಕಳೆಯಲು ಆಗಲಿಲ್ಲ, ಅದಕ್ಕೇ 7ರಿಂದ 2 ಕಳೆದುಬಿಟ್ಟಿದೆ. ತಪ್ಪು ಅಂದ ಕೂಡಲೇ ಸ್ಲೇಟು ಮುಚ್ಚಿಕೊಂಡು ‘ನಂಗೆ ಲೆಕ್ಕ ಬರಲ್ಲ ಮಿಸ್’ ಅನ್ನುತ್ತದೆ. ಈ ‘ಬರಲ್ಲ’ವನ್ನು ಗಮನಿಸಿ. ಇವತ್ತು ಬರಲ್ಲ, ಯಾವತ್ತೂ ಬರಲ್ಲ ಎರಡೂ ಅದರೊಳಗೇ ಇವೆ. ಅದೇ ಮಿಸ್ ‘ಪಕ್ಕದಿಂದ ಸಾಲ ತಗೊಳ್ಳೋದು ಇನ್ನೂ ಬಂದಿಲ್ಲ, ಅಷ್ಟೇ’ ಅಂದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಇಡೀ ಗಣಿತ ಹೋಗಿ ಒಂದು ಚಿಕ್ಕ ಹೆಜ್ಜೆ ಉಳಿಯುತ್ತದೆ. ‘ಬರಲ್ಲ’ ಹೋಗಿ ‘ಬಂದಿಲ್ಲ’ ಆಗುತ್ತದೆ. ಡ್ವೆಕ್ ತಮ್ಮ 2014ರ ಭಾಷಣವೊಂದರಲ್ಲಿ ಷಿಕಾಗೋದ ಒಂದು ಶಾಲೆಯ ಬಗ್ಗೆ ಹೇಳುತ್ತಾರೆ. ಅಲ್ಲಿ ಪಾಸಾಗದವರಿಗೆ ಫೇಲ್ ಅಂತ ಬರೆಯದೆ ‘ಇನ್ನೂ ಇಲ್ಲ’ ಅಂತ ಗ್ರೇಡು ಕೊಡುತ್ತಿದ್ದರಂತೆ. ನಮ್ಮ ‘ಇನ್ನೂ ಬಂದಿಲ್ಲ’ ಅದಕ್ಕಿಂತ ಸಲೀಸಾಗಿದೆ, ಅಲ್ವಾ? ನಮ್ಮ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಲ್ಲಿರುವ ‘ನಲಿಕಲಿ’ ಪದ್ಧತಿಯ ಕಲಿಕೆಯ ಏಣಿಯಲ್ಲೂ ಇದೇ ತತ್ವ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಆ ಪದ್ಧತಿಯಲ್ಲಿ ಮಗು ತನ್ನ ವೇಗದಲ್ಲಿ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಒಂದು ಮೆಟ್ಟಿಲಲ್ಲಿ ಜಾಸ್ತಿ ದಿನ ನಿಂತ ಮಗುವನ್ನು ದಡ್ಡ ಅನ್ನುವ ಹಾಗಿಲ್ಲ.

ಇನ್ನು ‘ಬುದ್ಧಿ’. ಕನ್ನಡದಲ್ಲಿ ಬುದ್ಧಿ ಬಲಿಯುತ್ತದೆ. ಬುದ್ಧಿ ಕಲಿಯುತ್ತೇವೆ, ಪೆಟ್ಟು ತಿಂದ ಮೇಲೆ ಬುದ್ಧಿ ಬರುತ್ತದೆ. ಅಂದರೆ ಬೆಳೆಯುವ ಗುಣ ಈ ಪದದಲ್ಲೇ ಇದೆ. ‘ತಲೆ’ ಹಾಗಲ್ಲ. ಅವನಿಗೆ ತಲೆ ಇದೆ, ಇವಳಿಗೆ ತಲೆ ಓಡಲ್ಲ, ಅಲ್ಲಿಗೆ ಮಾತು ಮುಗಿಯಿತು. ‘ಪ್ರತಿಭೆ’ಯೂ ತಲೆಯ ಕಡೆಗೇ ವಾಲುತ್ತದೆ. ನಮ್ಮ ಗಾದೆಗಳೂ ಹೀಗೇ ಎರಡು ಪಾಲಾಗಿವೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಅನ್ನುವವರೂ ನಾವೇ, ‘ಹಾಡ್ತಾ ಹಾಡ್ತಾ ರಾಗ’ ಅನ್ನುವವರೂ ನಾವೇ. ಕೈಪಿಡಿಯಲ್ಲಿ ನಾನು ಎರಡನೆಯದನ್ನೇ ಹಿಡಿದು ಹೊರಡುತ್ತೇನೆ.

‘ಶ್ರಮದ ಮನೋಭಾವ’ ಅನ್ನಿ ಅಂತ ಒಬ್ಬ ಗೆಳೆಯರು ಸೂಚಿಸಿದರು. ಅದಂತೂ ಬೇಡವೇ ಬೇಡ. ಡ್ವೆಕ್ ಮತ್ತು ಕ್ಲಾಡಿಯಾ ಮುಲ್ಲರ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ‘ನೀನು ಜಾಣ’ ಅಂತ ಹೊಗಳಿಸಿಕೊಂಡ ಮಕ್ಕಳು ಮುಂದೆ ಸುಲಭದ ಪ್ರಶ್ನೆಗಳ ಕಡೆಗೇ ವಾಲಿದರು. ‘ಚೆನ್ನಾಗಿ ಕಷ್ಟಪಟ್ಟೆ’ ಅನ್ನಿಸಿಕೊಂಡವರಲ್ಲಿ ಹೆಚ್ಚಿನವರು ಕಠಿಣವಾದದ್ದನ್ನೇ ಆರಿಸಿಕೊಂಡರು. ಇದನ್ನು ಕೇಳಿದವರು ಶ್ರಮವನ್ನೊಂದೇ ಹೊಗಳತೊಡಗಿದರು. ಅದು ಸಾಲದು ಅಂತ 2015ರಲ್ಲಿ ಡ್ವೆಕ್ ಅವರೇ ಬರೆದರು. ದಾರಿ ಬದಲಿಸಿ ನೋಡಬೇಕು, ಗೊತ್ತಿದ್ದವರನ್ನು ಕೇಳಬೇಕು. ಸುಮ್ನೆ ಅದೇ ತಪ್ಪನ್ನು ನೂರು ಸಲ ಬರೆಯುವ ಮಗುವಿಗೆ ‘ಕಷ್ಟಪಡ್ತಾ ಇದ್ದೀಯ, ಶಭಾಷ್’ ಅಂದರೆ ಅದಕ್ಕೆ ಸಾಲ ತಗೊಳ್ಳೋದು ಬಂದೀತೇ?

ಈ ಪದಕ್ಕೆ ವಿಪರೀತ ಭಾರವನ್ನೂ ಹೊರಿಸಬಾರದು. ಅಮೆರಿಕದ ಸುಮಾರು 12,000 ಒಂಬತ್ತನೇ ತರಗತಿ ಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಒಂದು ಗಂಟೆಗೂ ಕಡಿಮೆ ಹೊತ್ತಿನ ಆನ್‌ಲೈನ್ ಪಾಠದಿಂದ, ಓದಿನಲ್ಲಿ ಹಿಂದಿದ್ದ ಮಕ್ಕಳ ಸರಾಸರಿ ಗ್ರೇಡು (ಸುಮಾರು 4 ಅಂಕಗಳ ಅಳತೆಯಲ್ಲಿ) 0.1 ಅಂಕದಷ್ಟು ಏರಿತು. ಸಣ್ಣ ಏರಿಕೆಯೇ, ಆದರೆ ಇಷ್ಟು ಕಡಿಮೆ ಹೊತ್ತಿಗೆ ಅದನ್ನು ನಾನು ಕಡೆಗಣಿಸಲಾರೆ. ಹಾಗಂತ ಜಾದೂ ಅನ್ನಿಸುವಂಥ ಹೆಸರೂ ಬೇಡ.

ನನ್ನ ಮನಸ್ಸಿನಲ್ಲಿರುವುದು ‘ಕಲಿತರೆ ಬರುತ್ತೆ ಎಂಬ ನಂಬಿಕೆ’. ಇದರ ಎದುರಿಗೆ ‘ಹುಟ್ಟಿನಿಂದ ಬರಬೇಕು ಎಂಬ ನಂಬಿಕೆ’. ಉದ್ದವಾಯಿತು, ತಲೆಬರಹಕ್ಕೆ ಒಗ್ಗುವುದಿಲ್ಲ, ಗೊತ್ತು. ‘ಪಳಗು’ ಎಂಬ ಪದವೂ ಕಾಡುತ್ತಿದೆ. ‘ಪಳಗಿದ ಕೈ’ ಅನ್ನುತ್ತೇವೆ. ಕೈ ಪಳಗುವ ಹಾಗೆ ಬುದ್ಧಿಯೂ ಪಳಗುತ್ತದೆ ಅಂದರೆ ನಿಮ್ಮ ಕಿವಿಗೆ ಒಪ್ಪುತ್ತದೆಯೇ? ಅಥವಾ ಸಾಕಿದ ಪ್ರಾಣಿಯ ನೆನಪೇ ಮೊದಲು ಬರುತ್ತದೆಯೇ?

ಧಾರವಾಡ, ಕಲಬುರಗಿ ಕಡೆಯವರು, ಕರಾವಳಿಯವರು ದಯವಿಟ್ಟು ಬರೆಯಿರಿ. ‘ಬರಲ್ಲ’ಕ್ಕೂ ‘ಇನ್ನೂ ಬಂದಿಲ್ಲ’ಕ್ಕೂ ಇರುವ ಈ ಅಂತರ ನಿಮ್ಮ ಮಾತಿನಲ್ಲೂ ಇದೆಯೇ? ‘ಬರಂಗಿಲ್ಲ’ ಅಂದಾಗ ಯಾವತ್ತಿಗೂ ಇಲ್ಲ ಅನ್ನುವ ಧ್ವನಿ ಇರುತ್ತದೆಯೇ? ನೇಯ್ಗೆ, ಸಂಗೀತ, ಯಕ್ಷಗಾನ ಕಲಿಸುವ ಮನೆಗಳಲ್ಲಿ, ಇನ್ನೂ ಕೈಗೆ ಹತ್ತದ ಹೊಸಬರಿಗೆ ಹಿರಿಯರು ಏನು ಹೇಳುತ್ತಿದ್ದರು? ಅಂಥ ಒಂದು ಮಾತು ಸಿಕ್ಕರೆ ಅದನ್ನೇ ಕೈಪಿಡಿಯ ಹೆಸರಾಗಿ ಇಡಬೇಕೆಂದಿದ್ದೇನೆ.